ಲಡ್ಡುಮರದ ಲೆಕ್ಕಪುಸ್ತಕ

ನಮ್ಮ ಶಿಡ್ಲಘಟ್ಟದ ಕಡೆ ಮರ ಕೊಳೆಯುವುದಿಲ್ಲ. ಕೊಳೆಯಲು ನಾವು ಬಿಡುವುದಿಲ್ಲ ಎಂದರೆ ಇನ್ನೂ ಸರಿ. ಗಾಳಿಗೆ ಒಂದು ಹುಣಸೆ ಕೊಂಬೆ ಮುರಿದು ಬಿದ್ದರೆ ಹೊತ್ತು ಮುಳುಗುವುದರೊಳಗೆ ಅದು ಯಾರದೋ ಹಿತ್ತಿಲ ಸೌದೆ ಒಟ್ಟಿಲು ಸೇರಿರುತ್ತದೆ. ಮನೆಯ ಒಲೆ ಬಿಟ್ಟರೂ ನೂಲು ಬಿಚ್ಚಾಣಿಕೆಯವರ ಒಲೆ ಬಿಡದು; ಗೂಡು ಬೇಯುವ ನೀರು ದಿನವಿಡೀ ಕುದಿಯುತ್ತಿರಬೇಕು. ಉಳಿದ ಚಕ್ಕೆ ಚೂರು ಗೆದ್ದಲಿಗೆ, ಗೆದ್ದಲು ಬಿಟ್ಟದ್ದು ಬಿಸಿಲಿಗೆ. ಐವತ್ತು ದಾಟಿದ ನಾನು, ಒಂದು ಮರ ತಾನಾಗಿಯೇ, ಯಾರ ಅವಸರವೂ ಇಲ್ಲದೆ ಮಣ್ಣಾಗುವುದನ್ನು ಕಂಡದ್ದು ಕಳೆದ ಪುಷ್ಯ ಮಳೆಯಲ್ಲಿ, ಊರಿನಿಂದ ನಾನೂರು ಕಿಲೋಮೀಟರಿಗೂ ಆಚೆಯ ಆಗುಂಬೆಯಲ್ಲಿ.

ಕರೆದುಕೊಂಡು ಹೋದವಳು ತಂಗಿಯ ಮಗಳು. ಮರ ಕೊಳೆಸುವ ಶಿಲೀಂಧ್ರಗಳ ಮೇಲೆ ಸಂಶೋಧನೆ ಮಾಡುತ್ತಾಳೆ. ಮಳೆಗಾಲದ ಸಂಗ್ರಹಕ್ಕೆ ಚೀಲ ಹೊರುವ ಒಂದು ಕೈ ಬೇಕು, ಬರುತ್ತೀರಾ ಮಾವ ಎಂದಳು. ಅಣಬೆಯ ವಿಷಯದಲ್ಲಿ ನನಗಿದ್ದ ತಿಳಿವಳಿಕೆ ಎರಡೇ ಮಾತಿನದು. ಹುತ್ತದ ಮೇಲೆ ಏಳುವುದನ್ನು ನಮ್ಮ ಕಡೆ ತೆಲುಗಿನಲ್ಲಿ ಪುಟ್ಟಗೊಡುಗು ಎನ್ನುತ್ತಾರೆ, ಸಾರಿಗೆ ಚೆನ್ನ. ಇನ್ನೊಂದು, ರೇಷ್ಮೆಹುಳುವಿಗೆ ಬರುವ ಸುಣ್ಣಕಟ್ಟು. ಹಣ್ಣಾಗಬೇಕಿದ್ದ ಹುಳು ತಟ್ಟೆಯಲ್ಲೇ ಸೆಟೆದು, ಸುಣ್ಣದ ಕಡ್ಡಿಯಂತೆ ಬಿಳಿಯಾಗಿ ಬಿದ್ದಿರುವುದನ್ನು ನೋಡಿದ ರೈತ ಆ ಬಿಳುಪನ್ನು ಮರೆಯಲಾರ. ಅದಕ್ಕೆ ಕಾರಣ ಒಂದು ಶಿಲೀಂಧ್ರ, ಅದು ಹುಳುವಿನಿಂದ ಹುಳುವಿಗೆ ಹರಡುತ್ತದೆ ಎಂದು ಇಟಲಿಯ ಅಗೊಸ್ಟಿನೊ ಬಾಸಿ 1835ರಲ್ಲೇ ತೋರಿಸಿಕೊಟ್ಟ, ಪಾಶ್ಚರನಿಗಿಂತ ಮೊದಲು. ಕಣ್ಣಿಗೆ ಕಾಣದ ಜೀವಿಯೊಂದು ರೋಗ ತರಬಲ್ಲದು ಎಂಬುದಕ್ಕೆ ಸಿಕ್ಕ ಮೊದಲ ಗಟ್ಟಿ ಪುರಾವೆಗಳಲ್ಲೊಂದು ನಮ್ಮ ಕಸುಬಿನ ಹುಳುಮನೆಯಿಂದ ಬಂದದ್ದು. ಇದನ್ನು ಅವಳು ರೈಲಿನಲ್ಲಿ ಹೇಳಿದಾಗ ನಾನು ನಿದ್ದೆ ಬಿಟ್ಟು ಎದ್ದು ಕೂತೆ.

ಬೆಳಿಗ್ಗೆ ಶಿವಮೊಗ್ಗದಲ್ಲಿಳಿದು ತೀರ್ಥಹಳ್ಳಿಯ ಬಸ್ಸು ಹತ್ತಿದೆವು. ಸಕ್ರೆಬೈಲಿನ ಆನೆ ಬಿಡಾರ ದಾಟಿದ ಮೇಲೆ ತುಂಗೆ ರಸ್ತೆಯ ಜೊತೆಗೇ ಬರತೊಡಗಿದಳು, ಕೆಂಪಗೆ, ದಡ ತುಂಬಿ, ಸದ್ದಿಲ್ಲದೆ. ಅರ್ಕಾವತಿ, ಪಾಲಾರ್, ಉತ್ತರ ಮತ್ತು ದಕ್ಷಿಣ ಪಿನಾಕಿನಿಯರು ನಂದಿಬೆಟ್ಟದ ಆಸುಪಾಸಿನಲ್ಲೇ ಹುಟ್ಟುತ್ತಾರೆ ಎಂದು ಶಾಲೆಯಲ್ಲಿ ಕಲಿತವನು ನಾನು. ಆದರೆ ನದಿ ಎಂದರೆ ನೀರು ಎಂದು ಕಣ್ಣಿಗೆ ಮನವರಿಕೆಯಾದದ್ದು ಆ ಬಸ್ಸಿನ ಕಿಟಕಿಯಲ್ಲಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,600 ಮಿಲಿಮೀಟರಿನಷ್ಟು ಮಳೆ. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಏಳೆಂಟು ನೂರು ಬಂದರೆ ಒಳ್ಳೆಯ ವರ್ಷ, ಕೆರೆಗೆ ಬಾಗಿನ. ನಾವು ಹತ್ತು ವರ್ಷ ಮುಖ ಎತ್ತಿ ಕಾಯುವ ಮಳೆ ಅಲ್ಲಿ ಒಂದೇ ವರ್ಷದಲ್ಲಿ ಸುರಿಯುತ್ತದೆ. ಅದಕ್ಕಿಂತ ಸೋಜಿಗದ ಮಾತೆಂದರೆ, ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ 900 ಮೀಟರಿನಷ್ಟು ಎತ್ತರದಲ್ಲಿದೆ, ಆಗುಂಬೆ ಸುಮಾರು 650. ಬೆಟ್ಟದ ಮೇಲಿನ ಊರಿಗೆ ಹೋಗುತ್ತಿದ್ದೇನೆ ಎಂದುಕೊಂಡಿದ್ದ ನಾನು ನಿಜಕ್ಕೂ ಇಳಿದು ಹೋಗುತ್ತಿದ್ದೆ. ಅರಬ್ಬಿಯ ಮೋಡ ಮೊದಲು ತಾಗುವ ಗೋಡೆ ಅದು. ನಮ್ಮಲ್ಲಿಗೆ ತಲುಪುವಷ್ಟರಲ್ಲಿ ಮೋಡದ ಸೆರಗಷ್ಟೇ ಉಳಿದಿರುತ್ತದೆ.

ನಾವು ಇಳಿದುಕೊಂಡದ್ದು ಒಬ್ಬ ಅಡಿಕೆ ಬೆಳೆಗಾರರ ಮನೆಯಲ್ಲಿ. ಅವರ ತೋಟಕ್ಕೆ ಸೇರಿದ ಸೊಪ್ಪಿನಬೆಟ್ಟದಲ್ಲಿ ಸಂಗ್ರಹ. ಬೇಕಾದ ಅನುಮತಿಯ ಕಾಗದಗಳು ಅವಳ ಚೀಲದ ಮೇಲಿನ ಜೇಬಿನಲ್ಲೇ ಇದ್ದವು. ಬೆಳಗಿನ ತಿಂಡಿಯ ಮೇಲೆ ಮನೆಯ ಯಜಮಾನರು ಇಂಬಳಕ್ಕೆಂದು ಸುಣ್ಣ ಮತ್ತು ಹೊಗೆಸೊಪ್ಪು ಕಲಸಿ ನಮ್ಮ ಕಾಲಿಗೆ ಬಳಿಸಿದರು. ಕುಳಿತರೆ ಬಟ್ಟೆ ಒದ್ದೆ, ನಿಂತರೆ ಇಂಬಳ. ಚೀಲದಲ್ಲಿ ಉಳಿ, ಸುತ್ತಿಗೆ, ಬಾಗಿದ ಕತ್ತಿ, ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಮಸೂರ, ಅಳತೆಪಟ್ಟಿ, ಮೇಣದ ಕಾಗದ. ಪ್ಲಾಸ್ಟಿಕ್ ಚೀಲ ಒಂದೂ ಇಲ್ಲ. ಅದರೊಳಗೆ ಅಣಬೆ ಬೆವರಿ ಗಂಟೆಯೊಳಗೆ ಕೆಡುತ್ತದಂತೆ. ಪೆನ್ನೂ ಇಲ್ಲ, ಸೀಸದ ಕಡ್ಡಿ ಮಾತ್ರ. ಮಳೆಗೆ ಶಾಯಿ ಹರಿಯುತ್ತದೆ, ಸೀಸ ಹರಿಯುವುದಿಲ್ಲ.

ಮೊದಲು ಸಿಕ್ಕಿದ್ದು ಬಿದ್ದ ಹೆಬ್ಬಲಸಿನ ದಿಮ್ಮಿ. ನನ್ನ ಸೊಂಟದೆತ್ತರ, ಎರಡು ಎತ್ತಿನಗಾಡಿಯಷ್ಟು ಉದ್ದ. ಯಜಮಾನರು ಕೋಲಿನಿಂದ ತಟ್ಟಿ, "ಲಡ್ಡು, ಪೂರ್ತಿ ಲಡ್ಡು" ಎಂದರು. ಒಳಗೆ ಟೊಳ್ಳಾಗಿ ಪುಡಿಯಾದ ಮರಕ್ಕೆ ಅಲ್ಲಿ ಹಾಗೆನ್ನುತ್ತಾರೆ. ಆದರೆ ಆ ದಿಮ್ಮಿಯ ಮೇಲೆ ಒಂದು ಜಾತ್ರೆಯೇ ನೆರೆದಿತ್ತು. ಒಂದು ಕಡೆ ಹಳದಿ ಕಾಲಿನ ಪುಟ್ಟ ಬೀಸಣಿಗೆಗಳು, ಕಂದು ಬಣ್ಣದ ಮೈಮೇಲೆ, ಹುಳು ಗೂಡು ಕಟ್ಟುವ ಚಂದ್ರಿಕೆಯ ಸುತ್ತುಗಳಂತೆ, ಒಂದರೊಳಗೊಂದು ಬಳೆ. ಮೈಕ್ರೊಪೊರಸ್ ಝಾಂಥೊಪಸ್ ಎಂದಳು. ಗ್ರೀಕಿನಲ್ಲಿ ಝಾಂಥೊಪಸ್ ಎಂದರೆ ಹಳದಿ ಕಾಲಿನದು ಎಂದೇ ಅರ್ಥವಂತೆ. ಇನ್ನೊಂದು ಕಡೆ ಕುಂಕುಮದ ಭರಣಿಗಳಂತೆ ಕೆಂಪು ಬಟ್ಟಲುಗಳು, ಒಂದೊಂದರಲ್ಲೂ ಒಂದೊಂದು ಹನಿ ಮಳೆನೀರು. ದಿಮ್ಮಿಯ ಬಿಸಿಲು ತಾಗುವ ತುದಿಯಲ್ಲಿ ಕೇಸರಿ-ಕೆಂಪಿನ ಪಿಕ್ನೊಪೊರಸ್, ಮದುವೆಮನೆಯ ಕಂಬಕ್ಕೆ ಬಳಿದ ಬಣ್ಣದಂತೆ. ಕೆಳಗೆ ತೊಗಟೆ ಕಳಚಿದಲ್ಲಿ ಕರಿ ಮುದ್ದೆ, ಸುಟ್ಟ ಆಲೂಗಡ್ಡೆಯಂಥದು. ಕತ್ತಿಯಿಂದ ಸೀಳಿದರೆ ಒಳಗೆ ಬೂದು-ಕಪ್ಪು ಉಂಗುರಗಳು. ಅದು ಡಾಲ್ಡಿನಿಯ. ನಾವು ಸತ್ತದ್ದು ಎಂದು ಕರೆಯುವ ಮರದ ಮೇಲೆ, ನಮ್ಮೂರಿನ ಒಂದು ಎಕರೆ ಹೊಲದಲ್ಲಿ ಕಾಣುವುದಕ್ಕಿಂತ ಹೆಚ್ಚು ಬಣ್ಣ ಇತ್ತು.

ಕೈ ಚಾಚಿದೆ. "ಮುಟ್ಟಬೇಡಿ ಮಾವ, ಮೊದಲು ಸಂಖ್ಯೆ" ಎಂದಳು.

ಇಲ್ಲಿಂದಲೇ ನನಗೆ ಆ ಕೆಲಸದ ಒಳಗು ತಿಳಿಯುತ್ತ ಹೋದದ್ದು. ಸಂಗ್ರಹಕಾರನೊಬ್ಬ ತನ್ನ ಮೊದಲ ಮಾದರಿಗೆ 1 ಎಂದು ಬರೆದರೆ, ಆಮೇಲೆ ಊರು ಬದಲಾಗಲಿ, ವರ್ಷ ಬದಲಾಗಲಿ, ಎಣಿಕೆ ಹಿಂದಕ್ಕೆ ಹೋಗುವುದಿಲ್ಲ. ಬದುಕಿಡೀ ಒಂದೇ ಸರಣಿ. ಅವಳದು ಆ ಬೆಳಿಗ್ಗೆ 412ಕ್ಕೆ ಬಂದಿತ್ತು. ಸಂಖ್ಯೆಯ ಚೀಟಿಯನ್ನು ಅಳತೆಪಟ್ಟಿಯ ಜೊತೆ ಅಣಬೆಯ ಪಕ್ಕ ಇಟ್ಟು ಮೇಲಿನಿಂದ, ಕೆಳಗಿನಿಂದ, ಪಕ್ಕದಿಂದ ಚಿತ್ರ ತೆಗೆದಳು. ಆಮೇಲೆ ಪ್ರಶ್ನೆಗಳು. ಯಾವ ಮರ? ನಿಂತದ್ದೋ, ಬಿದ್ದದ್ದೋ? ತೊಗಟೆ ಇದೆಯೋ ಇಲ್ಲವೋ? ಬುಡಕ್ಕೋ, ಕೊಂಬೆಗೋ? ದಿಮ್ಮಿಯ ದಪ್ಪ ಎಷ್ಟು? ಕೊಳೆ ಬಿಳಿಯೋ ಕಂದೋ? ಎತ್ತರ, ಅಕ್ಷಾಂಶ, ರೇಖಾಂಶ. ವಾಸನೆ. ಹಿಚುಕಿದರೆ ಬಣ್ಣ ತಿರುಗುತ್ತದೆಯೋ? ಒಣಗಿದ ಮೇಲೆ ಅಣಬೆ ಬಣ್ಣ ಕಳೆದುಕೊಳ್ಳುತ್ತದೆ, ಕುಗ್ಗುತ್ತದೆ, ವಾಸನೆಯಂತೂ ಉಳಿಯುವುದೇ ಇಲ್ಲ. ಆಗ ಬರೆದುಕೊಳ್ಳದ್ದು ಎಂದೆಂದಿಗೂ ಹೋದಂತೆ. ಇಷ್ಟೆಲ್ಲ ಆದ ಮೇಲೆ ಉಳಿ ಹಿಡಿದು, ಅಣಬೆಯೊಂದನ್ನೇ ಅಲ್ಲ, ಅದು ಕಚ್ಚಿಕೊಂಡಿದ್ದ ಮರದ ಚಕ್ಕೆಯನ್ನೂ ಸೇರಿಸಿ ತೆಗೆದಳು. ತಿನ್ನುವವನ ಜೊತೆ ತಟ್ಟೆಯೂ ಬರಬೇಕಂತೆ. ದಿಮ್ಮಿಯ ಮೇಲೆ ಮೂವತ್ತು ಬೀಸಣಿಗೆ ಇದ್ದರೂ ಅವಳು ತೆಗೆದದ್ದು ನಾಲ್ಕು.

ಮಸೂರದ ಕೆಳಗೆ ಆ ಬೀಸಣಿಗೆಯ ಅಡಿಭಾಗ ನೋಡಿದೆ. ನುಣುಪಾದ ಕೆನೆ ಎಂದುಕೊಂಡಿದ್ದು ಸಾವಿರಾರು ರಂಧ್ರಗಳ ಜರಡಿ. ಒಂದು ಮಿಲಿಮೀಟರಿಗೆ ಎಂಟು-ಹತ್ತು ಕಂಡಿ. ಪಕ್ಕದ ಕೊಂಬೆಯಲ್ಲಿದ್ದ ಹೆಕ್ಸಗೋನಿಯದಲ್ಲಿ ಅದೇ ಕಂಡಿಗಳು ಬರಿಗಣ್ಣಿಗೆ ಕಾಣುವಷ್ಟು ದೊಡ್ಡವು, ಆರು ಮೂಲೆಯವು, ಥೇಟು ಜೇನುಹುಟ್ಟು. ಈ ಕಂಡಿಗಳ ಒಳಗೋಡೆಯಲ್ಲೇ ಬೀಜಕಗಳು ಕಟ್ಟುವುದು. ಇನ್ನು ಮರದೊಳಗೆ ಹಬ್ಬಿರುವ ಮೂಲ ಮೈಯೋ, ನಾವು ಕಾಣದ ಎಳೆಗಳ ಬಲೆ. ರೇಷ್ಮೆಯ ಒಂದು ಎಳೆ ಎಷ್ಟು ನವುರು ಎಂಬುದು ನಮ್ಮ ಬೆರಳಿಗೆ ಗೊತ್ತು. ಶಿಲೀಂಧ್ರದ ಎಳೆ ಅದರ ಮೂರರಲ್ಲೊಂದು, ನಾಲ್ಕರಲ್ಲೊಂದು ಪಾಲು. ಅಂಥ ಎಳೆ ಹೆಬ್ಬಲಸಿನ ಚೇಗಿನೊಳಗೆ ದಾರಿ ಮಾಡಿಕೊಂಡು ಹೋಗುತ್ತದೆ. ಅದೇ ಚೇಗಿಗೆ ನಮ್ಮ ಬಡಗಿ ಹರಿತವಾದ ಉಳಿ ಹಿಡಿದು ಬೆವರು ಸುರಿಸುತ್ತಾನೆ.

ಅದು ಹೇಗೆ ಸಾಧ್ಯ ಎಂದು ಕೇಳಿದೆ. ಅವಳು ದಿಮ್ಮಿಯ ಒಂದು ಹಿಡಿ ಕಿತ್ತು ಕೈಗಿಟ್ಟಳು. ಬಿಳಿಚಿಕೊಂಡಿತ್ತು, ಹಿಂಡಿದರೆ ನೀರು, ಬಿಡಿಸಿದರೆ ನಾರು. ನೂಲು ಬಿಚ್ಚಿ ಉಳಿದ ಗೂಡಿನ ಸಿಪ್ಪೆ ಹಿಡಿದಂತೆ. ಇದು ಬಿಳಿ ಕೊಳೆ. ಮರ ಎಂದರೆ ಕಟ್ಟಡ ಇದ್ದಂತೆ: ಸೆಲ್ಯುಲೋಸ್ ಎಳೆಗಳು ಸರಳು, ಅವುಗಳ ನಡುವೆ ತುಂಬಿದ ಲಿಗ್ನಿನ್ ಗಾರೆ. ಮರದ ತೂಕದಲ್ಲಿ ಸುಮಾರು ಕಾಲು ಭಾಗ ಈ ಗಾರೆಯೇ. ಬಹುಪಾಲು ಜೀವಿಗಳಿಗೆ ಲಿಗ್ನಿನ್ ಜೀರ್ಣವಾಗದು. ಬಿಳಿ ಕೊಳೆಯ ಶಿಲೀಂಧ್ರಗಳು ಮಾತ್ರ ಅದನ್ನು ಪೂರ್ತಿಯಾಗಿ ಒಡೆಯಬಲ್ಲವು. ಆ ಕೆಲಸ ಮಾಡುವ ಕಿಣ್ವಗಳಲ್ಲೊಂದಾದ ಲಿಗ್ನಿನ್ ಪೆರಾಕ್ಸಿಡೇಸ್ ವಿಜ್ಞಾನಕ್ಕೆ ತಿಳಿದದ್ದು 1983ರಲ್ಲಿ. ಕಂದು ಕೊಳೆಯ ಬಗೆ ಬೇರೆ. ಅದು ಸರಳನ್ನು ತಿಂದು ಗಾರೆಯನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ಪೈನ್, ದೇವದಾರುಗಳ ಕಾಡಿನಲ್ಲಿ ಅದರ ಆಳ್ವಿಕೆ, ಇಲ್ಲಿ ಕಡಿಮೆ. ಎರಡನೆಯ ದಿನ ಒಂದೇ ಒಂದು ಕಡೆ ಸಿಕ್ಕಿತು. ಮರ ಕಂದಾಗಿ, ಉದ್ದಕ್ಕೂ ಅಡ್ಡಕ್ಕೂ ಸೀಳಿ, ಚೌಕ ಚೌಕ ಹೆಂಟೆಗಳಾಗಿತ್ತು. ಏಪ್ರಿಲ್ ತಿಂಗಳಲ್ಲಿ ನೀರು ಬತ್ತಿದ ಕೆರೆಯಂಗಳ ಒಡೆದು ನಿಲ್ಲುವುದನ್ನು ನೋಡಿದವರಿಗೆ ಅದನ್ನು ಬೇರೆ ವಿವರಿಸಬೇಕಾಗಿಲ್ಲ. ನೀರು ಸುರಿಯುವ ಆ ಕಾಡಿನಲ್ಲಿ ನಮ್ಮ ಬತ್ತಿದ ಕೆರೆಯ ಒಂದು ತುಣುಕನ್ನು ಅಂಗೈಲಿ ಹಿಡಿದು ನಿಂತಿದ್ದೆ.

ಆ ಎರಡನೆಯ ದಿನವೇ ನನ್ನಿಂದೊಂದು ತಪ್ಪಾಯಿತು. ಮಳೆ ಜೋರಾಗಿ ಬಂತೆಂದು, ಬೇರೆ ಬೇರೆ ಮರದ ಎರಡು ತುಂಡುಗಳನ್ನು ಚೀಟಿಯಿಲ್ಲದೆ ಒಂದೇ ಕಾಗದದಲ್ಲಿ ಸುತ್ತಿ ಇಟ್ಟುಬಿಟ್ಟಿದ್ದೆ. ಮನೆಗೆ ಬಂದು ಬಿಚ್ಚಿದರೆ ಯಾವುದು ಯಾವ ಮರದ್ದು ಎಂದು ಹೇಳಲಾಗಲಿಲ್ಲ. ಒಂದು ಅಪರೂಪದ್ದಿರಬಹುದು ಎಂದು ಅವಳಿಗೆ ಅನುಮಾನವಿತ್ತು. ಆದರೂ ಎರಡನ್ನೂ ಎತ್ತಿ ಬಚ್ಚಲ ಒಲೆಗೆ ಹಾಕಿದಳು. "ಚೀಟಿ ಇಲ್ಲದಿದ್ದರೆ ಇದು ಸೌದೆ" ಎಂದಳು, ಸಿಟ್ಟಿಲ್ಲದೆ. ಅಂದಾಜಿನ ಮೇಲೆ ಒಂದು ಊರು, ಒಂದು ಮರದ ಹೆಸರು ಬರೆದಿಟ್ಟರೆ ನೂರು ವರ್ಷದ ನಂತರ ನೋಡುವವನಿಗೆ ಅದು ಸುಳ್ಳೆಂದು ತಿಳಿಯುವ ದಾರಿಯೇ ಇರುವುದಿಲ್ಲ. ಗೂಡಿನ ಮಾರುಕಟ್ಟೆಯಲ್ಲಿ ಲಾಟಿನ ಸಂಖ್ಯೆ ತಪ್ಪಿದರೆ ಆಗುವ ಗೋಳು ನನಗೆ ಗೊತ್ತು. ಅಲ್ಲಿ ಮಧ್ಯಾಹ್ನದೊಳಗೆ ಸರಿಮಾಡಬಹುದು. ಇಲ್ಲಿ ಸರಿಮಾಡುವವರು ಯಾರು? ಆ ರಾತ್ರಿ ನನಗೆ ಚೆನ್ನಾಗಿ ನಿದ್ದೆ ಬರಲಿಲ್ಲ.

ಮಾರನೆಯ ದಿನ ಮಳೆ ಬಿಡಲೇ ಇಲ್ಲ. ಜಗಲಿಯಲ್ಲಿ ಕುಳಿತ ಯಜಮಾನರು ತಮ್ಮ ತೋಟದ ಕಷ್ಟ ಹೇಳಿಕೊಂಡರು. ಅಡಿಕೆ ಗೊನೆಗೆ ಕೊಳೆ ಹತ್ತದಂತೆ ಮಳೆಗಾಲಕ್ಕೆ ಮುಂಚೆ ಹಿಂದೆಲ್ಲ ಕೊಟ್ಟೆ ಕಟ್ಟುತ್ತಿದ್ದರು, ಈಗ ಮೈಲುತುತ್ತ ಸುಣ್ಣದ ಬೋರ್ಡೊ ದ್ರಾವಣ ಹೊಡೆಯುತ್ತಾರೆ. ಕೊಳೆರೋಗ ಎಂಬ ಅವರ ಮಾತು ಕೇಳುತ್ತಲೇ ಇವಳು ಬರೆಯುವುದನ್ನು ನಿಲ್ಲಿಸಿ ಹೇಳಿದ ಸಂಗತಿಯನ್ನು ನಾನು ಊರಿಗೆ ಬಂದ ಮೇಲೆ ಕನಿಷ್ಠ ಇಪ್ಪತ್ತು ಮಂದಿಗೆ ಹೇಳಿದ್ದೇನೆ. ಮೈಸೂರು ಸರ್ಕಾರದ ಶಿಲೀಂಧ್ರತಜ್ಞರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ 1910ರಲ್ಲಿ ಅಡಿಕೆಯ ಈ ರೋಗದ ಮೇಲೆ ಇಂಗ್ಲಿಷಿನಲ್ಲಿ ವರದಿ ಬರೆದಾಗ ತಲೆಬರಹದಲ್ಲೇ ಕೊಳೆರೋಗ ಎಂಬ ಕನ್ನಡ ಮಾತನ್ನು ಇಟ್ಟರು. ಅದಕ್ಕೂ ಮುಂಚೆ, ನಮ್ಮ ಮೈಸೂರು ಸೀಮೆಯ ಕಾಫಿಗಿಡಕ್ಕೆ ಬಂದ ಇನ್ನೊಂದು ಕೊಳೆಯ ಮಾದರಿ ಇಂಗ್ಲೆಂಡಿಗೆ ಹೋಗಿತ್ತು. ಅಲ್ಲಿನ ಎಂ. ಸಿ. ಕುಕ್ 1876ರಲ್ಲಿ ಆ ಶಿಲೀಂಧ್ರಕ್ಕೆ ಪೆಲ್ಲಿಕ್ಯುಲೇರಿಯ ಕೊಳೆರೋಗ ಎಂದು ಹೆಸರಿಟ್ಟರು. 1958ರಲ್ಲಿ ಡಾಂಕ್ ಎಂಬ ಡಚ್ ವಿಜ್ಞಾನಿ ಅದನ್ನು ಬೇರೆ ಕುಲಕ್ಕೆ ಸೇರಿಸುವಾಗ ಆ ಕುಲಕ್ಕೇ ಕೊಳೆರೋಗ ಎಂಬ ಹೆಸರು ಕೊಟ್ಟರು. ಲ್ಯಾಟಿನ್ ಹೆಸರುಗಳ ಸಾಲಿನಲ್ಲಿ ಅಚ್ಚಗನ್ನಡದ ಒಂದು ಮಾತು ಹೀಗೆ ಕುಳಿತಿದೆ. ಎಂದೋ ಯಾವನೋ ತೋಟದಾಳು ಆಡಿದ ಮಾತನ್ನು ಎಲೆ ಕಳಿಸಿದವರು ಎಲೆಯ ಜೊತೆಗೇ ಬರೆದು ಕಳಿಸಿರಬೇಕು. ಇಲ್ಲದಿದ್ದರೆ ಅದು ಸಮುದ್ರ ದಾಟುತ್ತಿರಲಿಲ್ಲ. ಯಜಮಾನರು ಬಹಳ ಹೊತ್ತು ಸುಮ್ಮನಿದ್ದು, "ನಮ್ಮ ಅಣಬೆರೋಗಕ್ಕೂ ಏನಾದರೂ ಇದೆಯೋ?" ಎಂದು ಕೇಳಿದರು. ಇತ್ತು. ಅಡಿಕೆಯ ಬುಡ ಕೊಳೆಸಿ ಮರವನ್ನೇ ಕೊಲ್ಲುವ ಗ್ಯಾನೊಡರ್ಮ ಶಿಲೀಂಧ್ರದ ಕಾಯಿಲೆಯನ್ನು ಇಂಗ್ಲಿಷ್ ಪುಸ್ತಕಗಳೂ ಅಣಬೆರೋಗ ಎಂದೇ ಕರೆಯುತ್ತವೆ. ಅವಳ ನಮೂನೆಯ ಹಾಳೆಯಲ್ಲಿ ಮರದ ಸ್ಥಳೀಯ ಹೆಸರಿಗೆ ಒಂದು ಸಾಲು ಏಕಿದೆ ಎಂದು ನನಗೆ ಆಗ ಅರ್ಥವಾಯಿತು.

ಸಂಜೆಗಳೆಲ್ಲ ಒಣಗಿಸುವುದಕ್ಕೆ ಮೀಸಲು. ನಲವತ್ತು-ನಲವತ್ತೈದು ಡಿಗ್ರಿಯ ಬೆಚ್ಚನೆ ಗಾಳಿಯಲ್ಲಿ ರಾತ್ರಿಯಿಡೀ ಒಣಗಬೇಕು; ಹೆಚ್ಚಾದರೆ ಬೇಯುತ್ತದೆ, ಕಡಿಮೆಯಾದರೆ ಬೂಷ್ಟು. ವಿದ್ಯುತ್ ಒಣಗಿಸುವ ಪೆಟ್ಟಿಗೆ ತಂದಿದ್ದಳು, ಆದರೆ ಮೂರನೆಯ ರಾತ್ರಿ ಕರೆಂಟು ಹೋಗಿ ಬೆಳಗಿನವರೆಗೂ ಬರಲಿಲ್ಲ. ಆಗ ನನ್ನ ಮೂವತ್ತು ವರ್ಷದ ಕಸುಬು ಉಪಯೋಗಕ್ಕೆ ಬಂತು. ಬಿದಿರಿನ ತಟ್ಟೆಯನ್ನು ಕೆಂಡದ ಮೇಲೆ ಎಷ್ಟು ಎತ್ತರದಲ್ಲಿ ಹಿಡಿದರೆ ಎಷ್ಟು ಕಾವು ಎಂಬುದು ಹುಳು ಸಾಕಿದವನ ಅಂಗೈಗೆ ಗೊತ್ತು. ಬಚ್ಚಲ ಒಲೆಯ ಕೆಂಡ ಹರವಿ, ಹೊಗೆ ತಾಗದಂತೆ ಎರಡು ಇಟ್ಟಿಗೆಯ ಮೇಲೆ ತಟ್ಟೆ ಕೂರಿಸಿ, ಸರದಿಯಲ್ಲಿ ಕಾವಲು ಕುಳಿತೆವು. ಒಂದು ದಪ್ಪ ಮಾದರಿಯಿಂದ ಕಾವಿಗೆ ಸಾಸಿವೆಯಷ್ಟು ಚಿಕ್ಕ ದುಂಬಿಗಳು ಹೊರಬಂದವು. ಅಣಬೆಯೊಳಗೇ ಹುಟ್ಟಿ ಅದನ್ನೇ ತಿಂದು ಬದುಕುವವು; ಹಾಗೇ ಬಿಟ್ಟರೆ ಕಪಾಟಿನಲ್ಲಿ ಮಾದರಿಯನ್ನು ಹಿಟ್ಟು ಮಾಡಿಬಿಡುತ್ತವೆ. ನನಗೆ ಊಜಿ ನೊಣದ ನೆನಪಾಯಿತು. 1980ರಲ್ಲಿ ಗೂಡುಗಳ ಜೊತೆ ಕರ್ನಾಟಕಕ್ಕೆ ಬಂದು ನಮ್ಮ ಮನೆಗಳಲ್ಲಿ ಎಷ್ಟು ಬೆಳೆ ನುಂಗಿತು ಅದು. ಗೂಡಿಗೆ ಬಿಸಿಗಾಳಿ ಕೊಟ್ಟು ಒಳಗಿನ ಕೋಶ ಸಾಯಿಸುವ ನಮ್ಮ ಕ್ರಮಕ್ಕೆ ಇವರು ತಣುವನ್ನೂ ಸೇರಿಸಿಕೊಂಡಿದ್ದಾರೆ: ಒಣಗಿದ ಪೊಟ್ಟಣವನ್ನು ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಪೆಟ್ಟಿಗೆಯಲ್ಲಿ ಒಂದು ವಾರಕ್ಕೂ ಹೆಚ್ಚು ಇಟ್ಟಮೇಲೆಯೇ ಕಪಾಟಿಗೆ ಪ್ರವೇಶ.

ಅದೇ ರಾತ್ರಿ ಒಂದು ಗ್ಯಾನೊಡರ್ಮವನ್ನು ಕಾಗದದ ಮೇಲೆ ಬೋರಲು ಇಟ್ಟಿದ್ದಳು. ಬೆಳಗಾಗುವುದರೊಳಗೆ ಕಾಗದದ ಮೇಲೆ ರಾಗಿಹಿಟ್ಟಿನ ಬಣ್ಣದ ಧೂಳು ಅಚ್ಚಿನಂತೆ ಬಿದ್ದಿತ್ತು. ಬೀಜಕಗಳ ಮುದ್ರೆ. ದೊಡ್ಡದೊಂದು ಗ್ಯಾನೊಡರ್ಮ ದಿನಕ್ಕೆ 3,000 ಕೋಟಿ ಬೀಜಕ ಉದುರಿಸಬಲ್ಲದು, ತಿಂಗಳುಗಟ್ಟಲೆ. ಆ ಸಂಖ್ಯೆಯನ್ನು ನಾನು ಇನ್ನೂ ಮನಸ್ಸಿನೊಳಗೆ ಇಳಿಸಿಕೊಂಡಿಲ್ಲ.

ತಟ್ಟೆಯಲ್ಲಿದ್ದುದರಲ್ಲಿ ಒಂದನ್ನು ಮಾತ್ರ ನಾನು ಗುರುತಿಸಿದೆ. ಉಗುರಿನಷ್ಟು ಬಿಳಿ ಚಿಪ್ಪು, ಮೇಲೆ ಉಣ್ಣೆಯಂಥ ರೋಮ, ಕೆಳಗೆ ಸೀಳಿದ ಅಂಚಿನ ಗೆರೆಗಳು. ನಮ್ಮ ಹಿಪ್ಪುನೇರಳೆ ಬೊಡ್ಡೆಗಳ ಮೇಲೆ, ಹೊಂಗೆ ಸೌದೆಯ ಮೇಲೆ ಮಳೆಯ ಮಾರನೆಯ ದಿನ ಏಳುವುದು ಇದೇ! ಸ್ಕೈಝೊಫಿಲಮ್ ಕಮ್ಯೂನ್. ಅಂಟಾರ್ಕ್ಟಿಕ ಒಂದು ಬಿಟ್ಟು ಎಲ್ಲ ಖಂಡಗಳಲ್ಲೂ ಇದೆಯಂತೆ. ಮಣಿಪುರದವರು ಕಾಂಗ್ಲಾಯೆನ್ ಎಂದು ಕರೆದು ಅಡುಗೆ ಮಾಡುತ್ತಾರೆ. ಬಿಸಿಲಿಗೆ ಆ ಸೀಳುಗಳು ಮುದುರಿಕೊಳ್ಳುತ್ತವೆ, ನೀರು ಬಿದ್ದರೆ ಬಿಚ್ಚಿಕೊಂಡು ಮತ್ತೆ ಬೀಜಕ ಉದುರಿಸುತ್ತವೆ. ಕಳೆದ ಶತಮಾನದ ಆರಂಭದಲ್ಲಿ ಬುಲ್ಲರ್ ಎಂಬ ವಿಜ್ಞಾನಿ ಇದರ ಒಣಗಿದ ತುಂಡುಗಳನ್ನು ಗಾಳಿ ತೆಗೆದ ಗಾಜಿನ ಕೊಳವೆಯಲ್ಲಿ ಮುಚ್ಚಿಟ್ಟಿದ್ದ. ಐವತ್ತು ವರ್ಷದ ನಂತರ ತೆರೆದು ನೀರು ತಾಗಿಸಿದಾಗ ಅವು ಬಿಚ್ಚಿಕೊಂಡು ಬೀಜಕ ಬಿಟ್ಟವು. ಬರದ ಸೀಮೆಯವನಾದ ನನಗೆ ಆ ಅಣಬೆ ತೀರ ಹತ್ತಿರದ್ದು ಅನಿಸಿತು. ನಮ್ಮ ಕೆರೆಯಂಗಳದ ಕಪ್ಪೆಗಳು, ನಮ್ಮ ಹುಲ್ಲುಗಾವಲಿನ ಬೀಜಗಳು, ನಾವೂ ಹಾಗೆಯೇ ಮುದುರಿಕೊಂಡು ಕಾಯುವವರು.

ಕೊನೆಯ ರಾತ್ರಿ ಊಟವಾದ ಮೇಲೆ ಅವಳು ಟಾರ್ಚು ಹಿಡಿದು ತೋಟದಂಚಿನ ಕಾಡಿಗೆ ಕರೆದೊಯ್ದಳು. ಒಂದು ಕಡೆ ನಿಲ್ಲಿಸಿ ಟಾರ್ಚು ಆರಿಸಿದಳು. ನಮ್ಮಲ್ಲಿ ಎಂಥ ಅಮಾವಾಸ್ಯೆಯಲ್ಲೂ ನಕ್ಷತ್ರದ ಬೆಳಕಿರುತ್ತದೆ. ಅಲ್ಲಿ ಮೋಡ ಮತ್ತು ಎಲೆ ಸೇರಿ ಕಣ್ಣಿದೆಯೋ ಇಲ್ಲವೋ ತಿಳಿಯದಂಥ ಕತ್ತಲೆ. ಐದು ನಿಮಿಷ, ಹತ್ತು ನಿಮಿಷ. ಹನಿಯ ಸದ್ದು. ಆಮೇಲೆ ಕಾಲಬುಡದಲ್ಲಿ ಏನೋ ಮಸುಕಾಗಿ ಕಂಡಂತಾಯಿತು, ಬೆಳದಿಂಗಳ ತುಣುಕು ಬಿದ್ದಂತೆ. ನೋಡುತ್ತ ನೋಡುತ್ತ ಅದು ಹಸಿರಾಯಿತು. ಒಂದು ಕೊಳೆತ ಕೊಂಬೆ ಉದ್ದಕ್ಕೂ ಬೆಳಗುತ್ತಿತ್ತು. ಅದರ ಪಕ್ಕ ಇನ್ನೊಂದು, ಆಚೆ ಎಲೆಗಳ ನಡುವೆ ಇನ್ನಷ್ಟು ಚುಕ್ಕಿಗಳು. ಕೈಲಿ ಹಿಡಿದೆ, ಬಿಸಿಯಿಲ್ಲ. ಮರದೊಳಗಿನ ಶಿಲೀಂಧ್ರದ ಎಳೆಗಳಲ್ಲಿ ಲೂಸಿಫೆರಿನ್ ಎಂಬ ವಸ್ತು ಆಮ್ಲಜನಕದೊಂದಿಗೆ ಸೇರುವಾಗ ಹುಟ್ಟುವ ಬೆಳಕು ಇದು. ಮಿಂಚುಹುಳುವಿನ ಉಪಾಯವೇ, ವಸ್ತು ಮಾತ್ರ ಬೇರೆ. ಹೀಗೆ ಬೆಳಗುವ ಶಿಲೀಂಧ್ರಗಳು ಜಗತ್ತಿನಲ್ಲಿ ನೂರಕ್ಕೂ ಹೆಚ್ಚಿವೆ, ಕಾಸರಗೋಡಿನ ರಾಣಿಪುರಂ ಕಾಡಿನಲ್ಲೂ ಈಚೆಗೆ ದಾಖಲಾಗಿದೆ ಎಂದು ಕತ್ತಲಲ್ಲೇ ಅವಳ ದನಿ ಹೇಳುತ್ತಿತ್ತು. ಕೊಂಬೆಯನ್ನು ಮುಖದ ಹತ್ತಿರ ತಂದೆ. ಅಂಗೈಯ ಗೆರೆಗಳು ಕಂಡವು.

ಹಿಂದಿರುಗುವಾಗ ಅವಳ ಪ್ರಯೋಗಾಲಯದಲ್ಲಿ ಒಂದು ದಿನ ತಂಗಿದೆ. ಒಣಗಿ ಹಗುರಾದ ಮಾದರಿಗಳನ್ನು ಆಮ್ಲವಿಲ್ಲದ ಕಾಗದದಲ್ಲಿ, ದೇವಸ್ಥಾನದಲ್ಲಿ ವಿಭೂತಿ ಕಟ್ಟಿಕೊಡುವ ಪೊಟ್ಟಣದಂತೆ ಮಡಿಸಿ, ಮುಂಭಾಗಕ್ಕೆ ಚೀಟಿ ಅಂಟಿಸುವುದು. ಐದು ದಿನಕ್ಕೆ ಅವಳ ಎಣಿಕೆ 467 ಮುಟ್ಟಿತ್ತು. ಲೋಹದ ಕಪಾಟು ತೆರೆದು ಹಳೆಯ ಪೊಟ್ಟಣಗಳನ್ನು ತೋರಿಸಿದಳು. ಇಂಥ ಕಪಾಟುಗಳ ದೊಡ್ಡಣ್ಣಂದಿರ ಕತೆಯನ್ನೂ ಹೇಳಿದಳು. ಎಡ್ವಿನ್ ಬಟ್ಲರ್ 1905ರಲ್ಲಿ ಬಿಹಾರದ ಪೂಸಾದಲ್ಲಿ ಆರಂಭಿಸಿದ ಶಿಲೀಂಧ್ರ ಸಂಗ್ರಹ, 1934ರ ಭೂಕಂಪದ ಪೆಟ್ಟಿನ ನಂತರ ಸಂಸ್ಥೆಯ ಜೊತೆ ದೆಹಲಿಗೆ ಬಂದದ್ದು ಇಂದಿಗೂ ಉಳಿದಿದೆ. ಪುಣೆಯ ಅಘಾರ್ಕರ್ ಸಂಶೋಧನಾ ಸಂಸ್ಥೆಯಲ್ಲಿ ಅಜ್ರೇಕರ್ ಹೆಸರಿನ ಸಂಗ್ರಹವಿದೆ. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಹನ್ನೆರಡೂವರೆ ಲಕ್ಷ ಮಾದರಿಗಳು. ಹಡಗಿನಲ್ಲಿ ಲೋಕ ಸುತ್ತಿದ ಡಾರ್ವಿನ್ ತಂದ ಅಣಬೆಯೂ ಅಲ್ಲಿದೆ. ಈಗ 2002ರ ಜೀವವೈವಿಧ್ಯ ಕಾಯ್ದೆಯ ನಂತರ ನಮ್ಮ ಮಾದರಿ ಸುಮ್ಮನೆ ಹಡಗು ಹತ್ತುವಂತಿಲ್ಲ, ಅದು ಒಳ್ಳೆಯದೇ. ಅವಳ ಕಪಾಟಿನಲ್ಲಿ ಶಿವಮೊಗ್ಗ, ಉಡುಪಿ, ಕೊಡಗು ಎಂದು ಬರೆದ ಪೊಟ್ಟಣಗಳು ಸಾಲುಸಾಲಾಗಿದ್ದವು. ಚಿಕ್ಕಬಳ್ಳಾಪುರ ಎಂದು ಬರೆದದ್ದು ಆ ಕಪಾಟಿನಲ್ಲಿ ಇರಲಿಲ್ಲ. "ಅಲ್ಲಿ ಏನಿದೆ ಅಂತ ಬರೋದು ಮಾವ" ಎಂದು ಅವಳು ಹೇಳಲಿಲ್ಲ. ನಾನೇ ಹಾಗೆ ಅಂದುಕೊಂಡಿದ್ದವನು.

ಊರಿಗೆ ಬಂದ ಮೇಲೆ ಒಂದು ಕೆಲಸದ ನಿಮಿತ್ತ ಗೌರಿಬಿದನೂರಿಗೆ ಹೋದಾಗ ವಿದುರಾಶ್ವತ್ಥಕ್ಕೂ ಹೋಗಿದ್ದೆ. 1938ರಲ್ಲಿ ಧ್ವಜ ಹಿಡಿದವರ ಮೇಲೆ ಗುಂಡು ಹಾರಿದ ಜಾಗ. ಊರಿಗೆ ಹೆಸರು ಕೊಟ್ಟ ಹಳೆಯ ಅಶ್ವತ್ಥ 2001ರಲ್ಲಿ ನೆಲಕ್ಕುರುಳಿತು. ಅಂದು ಬಿದ್ದ ಮರವನ್ನು ನೋಡಿ ಕೈಮುಗಿದು ಬಂದವರಲ್ಲಿ ನಾನೂ ಒಬ್ಬ. ಅದರ ಚೇಗು ಒಳಗೆ ಬಿಳಿಯಾಗಿತ್ತೋ ಕಂದಾಗಿತ್ತೋ, ಬುಡದಲ್ಲಿ ಏನಾದರೂ ಎದ್ದಿತ್ತೋ ಎಂದು ಬಗ್ಗಿ ನೋಡುವ ಬುದ್ಧಿ ಆಗ ನನಗಿರಲಿಲ್ಲ. ಅದನ್ನು ನೆನೆದರೆ ಈಗ ಸಂಕಟವಾಗುತ್ತದೆ.

ನಮ್ಮ ಹೊಲದ ಬದುವಿನಲ್ಲಿ ಅಜ್ಜನ ಕಾಲದ ಒಂದು ಹುಣಸೆ ಇದೆ. ಆಶ್ಲೇಷ ಮಳೆ ಎರಡು ದಿನ ಹೊಯ್ದು ಬಿಟ್ಟ ಬೆಳಿಗ್ಗೆ ಅದರ ಬುಡಕ್ಕೆ ಹೋದೆ. ಹಳೆಯ ಗಾಯದ ಕೆಳಗೆ, ಬೇರು ಮಣ್ಣಿಗೆ ಇಳಿಯುವಲ್ಲಿ, ಅರಗು ಬಳಿದಂತೆ ಹೊಳೆಯುವ ಕೆಂಗಂದು ಬಣ್ಣದ ಬಟ್ಟಲು, ಅಂಚು ಬೆಣ್ಣೆಯ ಬಿಳುಪು, ಮೇಲೆ ರಾಗಿಹಿಟ್ಟಿನ ಧೂಳು. ಎಷ್ಟು ವರ್ಷದಿಂದ ಅಲ್ಲಿ ಏಳುತ್ತಿತ್ತೋ. ಚಿತ್ರ ತೆಗೆದು ಕಳಿಸಿದೆ. ಗ್ಯಾನೊಡರ್ಮ, ಯಾವ ಪ್ರಭೇದ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಹೇಳಬೇಕು, ಮರದ ಚಕ್ಕೆ ಸೇರಿಸಿ ತೆಗೆಯಿರಿ ಎಂದು ಉತ್ತರ ಬಂತು. ಅಳತೆಪಟ್ಟಿ ಇಟ್ಟೆ. ಮೇಲಿನಿಂದ, ಕೆಳಗಿನಿಂದ, ಪಕ್ಕದಿಂದ. ನಿಂತ ಮರ, ಜೀವಂತ, ಬುಡ, ಬಿಳಿ ಕೊಳೆ. ಅಡಿಭಾಗಕ್ಕೆ ಉಗುರು ಒತ್ತಿದಲ್ಲಿ ಕಂದು ಗೆರೆ ಮೂಡಿತು, ಅದನ್ನೂ ಬರೆದೆ.

ಮರದ ಹೆಸರಿನ ಸಾಲಿಗೆ ಹುಣಸೆ ಎಂದು ಬರೆಯುತ್ತಿದ್ದೆ. ಬದುವಿನ ಮೇಲೆ ಕುಳಿತು ನೋಡುತ್ತಿದ್ದ ಅಮ್ಮ, "ಬರೀ ಹುಣಸೆ ಅಂದರೆ ಯಾವುದು ಅಂತ ಗೊತ್ತಾಗಬೇಕು? ಇದು ದೀಪದ ಹುಣಸೆ" ಎಂದಳು. ಅವಳು ಸೊಸೆಯಾಗಿ ಬಂದ ಕಾಲದಲ್ಲಿ ಅತ್ತೆ ಶುಕ್ರವಾರ ಸಂಜೆ ಅದರ ಪೊಟರೆಯಲ್ಲಿ ಹಣತೆ ಇಡುತ್ತಿದ್ದಳಂತೆ. ಐವತ್ತು ವರ್ಷ ಆ ನೆರಳಲ್ಲಿ ಉಂಡ ನನಗೆ ಅದು ಗೊತ್ತಿರಲಿಲ್ಲ. ಸೀಸದ ಕಡ್ಡಿಯನ್ನು ಮತ್ತೊಮ್ಮೆ ಚೂಪು ಮಾಡಿಕೊಂಡು ಸ್ಥಳೀಯ ಹೆಸರಿನ ಮುಂದೆ ದೀಪದ ಹುಣಸೆ ಎಂದು ಬರೆದೆ. ಜಿಲ್ಲೆ ಚಿಕ್ಕಬಳ್ಳಾಪುರ, ತಾಲ್ಲೂಕು ಶಿಡ್ಲಘಟ್ಟ. ಮೇಲಿನ ಮೂಲೆಯಲ್ಲಿ ಸಂಖ್ಯೆಯ ಜಾಗ ಖಾಲಿಯಿತ್ತು. ಅಲ್ಲಿ 1 ಎಂದು ಬರೆದೆ.